ಆಪರೇಟರ್ ಅಕ್ಕನ ಆರನೇ ಪೇಪರು

ಜೂನ್ ಹದಿನೆಂಟು, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ತಡವಾಯಿತು, ಬೈಯಬೇಡ. ಒಂದು ಕಾಗದದ ಮೇಲೆ ಪುಟ್ಟ ಹಾಲು ಕಕ್ಕಿದ; ಇನ್ನೊಂದನ್ನು ಬರೆಯುತ್ತ ಬರೆಯುತ್ತ ನಾನೇ ನಿದ್ದೆ ಹೋದೆ. ಅವನಿಗೀಗ ನಾಲ್ಕು ತಿಂಗಳು ತುಂಬಿತು. ತೂಕ ಸರಿಯಾಗಿದೆ ಎಂದು ನರ್ಸ್ ಹೇಳಿದ್ದಾರೆ. ಆದರೂ ಅವನು ಸೀನಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಸದ್ದಿಲ್ಲದೆ ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ಹೀಗಿದ್ದರೆ ನಿದ್ದೆ ಎಲ್ಲಿಂದ ಬರಬೇಕು?

ಅದಿರಲಿ, ದೊಡ್ಡ ಸುದ್ದಿ ಕೇಳು. ಆಪರೇಟರ್ ಅಕ್ಕ ಪಾಸಾದರು.

ನಿನಗೆ ಹೇಳಿದ್ದೆನಲ್ಲ, ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂರುವವರು, ಕಣ್ಣು ಕಾಣದವರು. ಡಿಗ್ರಿ ಮುಗಿಸಿದರೆ ಟೀಚರ್ ಟ್ರೈನಿಂಗಿಗೆ ಸೇರಬಹುದು. ವಯಸ್ಸಿನ ಮಿತಿಯಿಂದಾಗಿ ಅವರಿಗೆ ಇದೇ ಕೊನೆಯ ಅವಕಾಶ. ಅವರು ಹೇಳಿದ್ದನ್ನು ಉತ್ತರಪತ್ರಿಕೆಯಲ್ಲಿ ಬರೆಯಲು ಒಪ್ಪಿಕೊಂಡವರು ಹಿಂದಿನ ಎರಡು ವರ್ಷವೂ ಪರೀಕ್ಷೆಯ ದಿನ ಪತ್ತೆಯೇ ಇರಲಿಲ್ಲ. ಕಾಲೇಜಿನ ಸೇವಾ ತಂಡದಿಂದ ಮೊದಲ ವರ್ಷದಿಂದಲೂ ಹೀಗೆ ಬರೆಯುತ್ತಿರುವ ನಾನು ಅಕ್ಕನಿಗೆ ಮಾತು ಕೊಟ್ಟಾಗ ಏಳು ತಿಂಗಳ ಬಸುರಿ. ಪರೀಕ್ಷೆ ಬರುವಷ್ಟರಲ್ಲಿ ಪುಟ್ಟನಿಗೆ ಎರಡೂವರೆ ತಿಂಗಳು. ಆರು ಪೇಪರು, ಒಂದೊಂದೂ ಮೂರು ಗಂಟೆ. ಅವನಿಗೋ ಎರಡು ಗಂಟೆಗೊಮ್ಮೆ ಹಾಲು ಬೇಕು.

"ಬೇರೆ ಯಾರಾದ್ರೂ ಬರೀಲಿ ಬಿಡು. ನಿನ್ನ ಪರೀಕ್ಷೇನೇ ಅಕ್ಟೋಬರಿಗೆ ಹೋಗಿದೆ," ಎಂದರು ನಮ್ಮ ಯಜಮಾನರು.

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತರು. "ಮೂರನೇ ಸಲಾನೂ ಅವಳಿಗೆ ಕೈ ಕೊಡೋದಾ? ನಡಿ, ಮಗೂನ ಎತ್ಕೊಂಡು ನಾನು ಕಾರಿಡಾರಲ್ಲಿ ಕೂತ್ಕೋತೀನಿ."

ಮೊದಲ ದಿನವೇ ನನಗೆ ಮಂಗಳಾರತಿಯಾಯಿತು. ಅವರು ಹೇಳಿದ ಒಂದು ವಾಕ್ಯವನ್ನು ಸ್ವಲ್ಪ ಒಪ್ಪ ಮಾಡಿ ಬರೆದಿದ್ದೆ. ಓದಿಸಿಕೊಂಡು ಕೇಳಿದವರೇ, "ಇದು ನನ್ನ ಮಾತಲ್ಲ. ನಾನು ಹೇಳಿದ್ದನ್ನ ಬರಿ, ನಿಂಗೆ ಚೆಂದ ಕಂಡಿದ್ದನ್ನಲ್ಲ. ಫೇಲಾದ್ರೂ ನಾನೇ ಆಗ್ಬೇಕು ಕಣೇ," ಎಂದರು. ನಾಚಿಕೆಯಿಂದ ಹೊಡೆದು ಹಾಕಿದೆ.

ಕೊನೆಯದು ಇತಿಹಾಸ. ಎರಡು ದೊಡ್ಡ ಉತ್ತರ ಬಾಕಿಯಿರುವಾಗ ಕಾರಿಡಾರಿನಿಂದ ಪುಟ್ಟನ ಅಳು ಶುರುವಾಯಿತು. ಕಣ್ಣು ಎಳೆಯುತ್ತಿತ್ತು, ಕೈ ಓಡುತ್ತಿತ್ತು. ಅಕ್ಕ ಮೆಲ್ಲಗೆ ಕೇಳಿದರು, "ನಾನು ನಿಲ್ಲಿಸಿದ ಮೇಲೂ ನಿನ್ನ ಪೆನ್ನು ಓಡ್ತಾ ಇತ್ತು. ಏನು ಬರೆದೆ?"

ನೋಡಿದರೆ ಹೀಗಿತ್ತು: "ಸೋತ ರಾಜನು ಶರಣಾಗಿ ಬಂದೆ ಕಂದಾ ಬಂದೆ."

ಮುಚ್ಚಿಡಬಹುದಿತ್ತು. ಓದಿ ಹೇಳಿದೆ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಮೈಯೆಲ್ಲ ಕುಲುಕಿಸಿ ನಕ್ಕರು. ಕೊಠಡಿ ಕಾಯುತ್ತಿದ್ದ ಮೇಡಂ "ಏನದು?" ಎಂದು ಗದರಿದರೆ, "ರಾಜನಿಗೆ ಮಗು ಹುಟ್ಟಿಬಿಟ್ಟಿದೆ ಮೇಡಂ. ಇವಳು ಹೋಗಿ ಹಾಲು ಕೊಟ್ಟು ಬರ್ಲಿ," ಎಂದರು. ಮೇಡಂ ನನ್ನ ಜೊತೆಗೇ ಬಂದು, ಬೆನ್ನು ತಿರುಗಿಸಿ ಕಾವಲು ನಿಂತರು. ಮರಳಿ ಕೂತಾಗ ಉಳಿದದ್ದು ಇಪ್ಪತ್ತೈದು ನಿಮಿಷ. ಅಷ್ಟೂ ಹೊತ್ತು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಅಕ್ಕ ಒಂದೇ ಉಸಿರಿಗೆ ಹೇಳುತ್ತ ಹೋದರು. ಕೊನೆಯ ಚುಕ್ಕಿ ಇಟ್ಟೆ, ಗಂಟೆ ಹೊಡೆಯಿತು.

ಆಮೇಲಿನ ಆರು ವಾರ ನನ್ನ ಸಂಕಟ ಕೇಳಬೇಡ. ಫೇಲಾದರೆ ನನ್ನ ಹಾಲಿನ ಹೊತ್ತಿನಿಂದಲೇ ಫೇಲು ಎಂದು ಕೊರಗುತ್ತಿದ್ದೆ. ಸೋಮವಾರ ಪುಟ್ಟನಿಗೆ ಚುಚ್ಚುಮದ್ದು ಹಾಕಿಸಲು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದೆವು. ಗೋಡೆಯ ಸ್ಪೀಕರಿನಲ್ಲಿ ಅಕ್ಕನ ದನಿ: "ಎಲ್ಲಾ ವಾರ್ಡಿನವರ ಗಮನಕ್ಕೆ. ಆರನೇ ವಾರ್ಡಿಗೆ ಸ್ಟ್ರೆಚರ್ ಬೇಕಾಗಿದೆ. ಹಾಗೇ, ನಿಮ್ಮ ಟೆಲಿಫೋನ್ ಆಪರೇಟರ್ ಡಿಗ್ರಿ ಪಾಸಾಗಿದ್ದಾರೆ. ಇತಿಹಾಸದಲ್ಲಿ ಎಪ್ಪತ್ತೊಂದು."

ಸಾಲಿಗೆ ಸಾಲೇ ಚಪ್ಪಾಳೆ ಹೊಡೆಯಿತು, ಅಮ್ಮ. ಕಾಲು ಮುರಿದುಕೊಂಡವನೊಬ್ಬ ಊರುಗೋಲನ್ನೇ ನೆಲಕ್ಕೆ ಕುಟ್ಟಿದ. ಅತ್ತೆ ಅಕ್ಕಪಕ್ಕದವರಿಗೆಲ್ಲ ವಿವರಿಸುತ್ತಿದ್ದರು: "ಪಾಸಾದವಳು ಅವಳು, ಬರೆದವಳು ನನ್ನ ಸೊಸೆ, ಮಗು ಎತ್ಕೊಂಡು ನಿಂತಿದ್ದೋಳು ನಾನು." ನಾನು ಅಳುತ್ತಿದ್ದೆ, ಪುಟ್ಟ ನಗುತ್ತಿದ್ದ. ಸೂಜಿ ಚುಚ್ಚಿದ್ದು ತಪ್ಪಿ ನನಗಾ ಎಂದು ನರ್ಸ್ ಕೇಳಿದರು. ಆವತ್ತು ಮನೆಗೆ ಬಂದು ನಾಲ್ಕು ಗಂಟೆ ಎಚ್ಚರವಿಲ್ಲದೆ ಮಲಗಿದೆ.

ಅಕ್ಟೋಬರಿನ ನನ್ನ ಪರೀಕ್ಷೆಗೆ ನಿನ್ನ ಆಶೀರ್ವಾದವಿರಲಿ. ಮೊಮ್ಮಗನ ತಲೆ ಮೇಲೂ ನಿನ್ನ ಕೈಯೆಂದೇ ನನ್ನ ಕೈ ಇಡುತ್ತೇನೆ.

ಇಂತಿ,
ನಿನ್ನ ಗುಬ್ಬಿ

ತಾ.ಕ.: ಇನ್ನೊಂದು ಮಾತಿದೆ. ನನ್ನನ್ನು ಕಾಲೇಜಿಗೆ ಸೇರಿಸಿದ ದಿನ, ಅರ್ಜಿಯಲ್ಲಿ ನಿನ್ನ ಓದು "ಏಳನೇ ತರಗತಿ" ಎಂದು ನಾನು ಸುಳ್ಳು ಬರೆದೆ. ಪಕ್ಕದಲ್ಲಿ ಗೆಳತಿಯರಿದ್ದರು, ನಾಚಿಕೆಯಾಯಿತು. ಅದರ ಕೆಳಗೇ ನೀನು ಹೆಬ್ಬೆಟ್ಟು ಒತ್ತಿದೆ. ಗುಮಾಸ್ತ ಕಿಟಕಿಯೊಳಗಿಂದ ನನ್ನತ್ತ ಬಗ್ಗಿ, "ಏಳನೇ ಕ್ಲಾಸನ್ನೂ ಹೆಬ್ಬೆಟ್ಟಲ್ಲೇ ಪಾಸು ಮಾಡಿದ್ರಾ?" ಎಂದು ನಕ್ಕ. ಏನೆಂದು ತಿಳಿಯದೆ ನೀನೂ ನಕ್ಕೆ. ಅವನು ಏನೆಂದ ಎಂದು ದಾರಿಯಲ್ಲಿ ನೀನು ಕೇಳಿದ್ದಕ್ಕೆ ನಾನು "ಶಾಯಿ ಜಾಸ್ತಿ ಆಯ್ತಂತೆ" ಎಂದುಬಿಟ್ಟೆ. ಮನೆ ಮುಟ್ಟುವವರೆಗೂ ನೀನು ಸೆರಗಿನಿಂದ ಬೆರಳು ಉಜ್ಜುತ್ತಲೇ ಇದ್ದೆ. ಸೇವಾ ತಂಡಕ್ಕೆ ನಾನು ಹೆಸರು ಕೊಟ್ಟದ್ದು ಅದೇ ವಾರ.

ಇದನ್ನು ಅಮ್ಮನಿಗೆ ಓದಿ ಹೇಳುತ್ತಿರುವ ಟೈಲರಣ್ಣ, ದಯವಿಟ್ಟು ಈ ಭಾಗ ಬಿಡಬೇಡಿ. ಅವಳು ಏನು ಹೇಳುತ್ತಾಳೋ ಅದನ್ನೇ ಬರೆದು ಕಳಿಸಿ. ಬೈದರೆ ಬೈದದ್ದನ್ನೂ, ಒಂದಕ್ಷರವೂ ತಿದ್ದದೆ.