ಬೆಟ್ಟದಾಚೆಯ ಶನಿವಾರ ಸಂತೆ

ಬ್ಲೈನ್‌ಗೋಚ್
ಭಾನುವಾರ, ಮಾರ್ಚ್ 9

ಪ್ರೀತಿಯ ಗ್ಲೆನಿಸ್,

ನಿನ್ನ ಮೊಣಕಾಲು ಈಗ ಹೇಗಿದೆ? ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿಗೆ ಮಾರ್ಚ್ ಬಂದರೂ ಉತ್ತರ ಬರೆಯಲಿಲ್ಲ, ಬೈದುಕೋ. ಐದು ಜಿಲ್ಲಾ ಕೌನ್ಸಿಲ್‌ಗಳ ಮಕ್ಕಳ ದತ್ತು ಕೆಲಸವನ್ನೆಲ್ಲ ಒಂದೇ ಕಚೇರಿಗೆ ತಂದು ನನ್ನ ತಲೆಗೆ ಕಟ್ಟಿದ ಮೇಲೆ ಪುರುಸೊತ್ತು ಇಲ್ಲವೆನ್ನುವುದು ನಿಜ. ಐದು ಕೌನ್ಸಿಲ್ ಎಂದರೆ ಐದು ಜನ ಅತ್ತೆಯರಿದ್ದ ಹಾಗೆ, ಒಬ್ಬಳ ಮುಖ ಅರಳಿಸಿದರೆ ಇನ್ನೊಬ್ಬಳು ಮುಖ ಊದಿಸಿಕೊಳ್ಳುತ್ತಾಳೆ. ಚರ್ಚಿನ ಹಾಡಿನ ಮೇಳದಲ್ಲಿ ನಿನ್ನ ಕುರ್ಚಿ ಖಾಲಿಯೇ ಇದೆ. ಮೆರಿಯಲ್ ಎಂದಿನಂತೆ ಶ್ರುತಿ ಬಿಟ್ಟು ಹಾಡುತ್ತಾ ನಮ್ಮನ್ನು ದುರುಗುಟ್ಟಿ ನೋಡುತ್ತಾಳೆ.

ಆದರೆ ನಾನು ಬರೆಯದೆ ಉಳಿದದ್ದು ಕೆಲಸದಿಂದಲ್ಲ. ನಿನ್ನ ಮೊಮ್ಮಗಳ ವಿಷಯವನ್ನು ನಾನು ನಿನ್ನ ಹತ್ತಿರ ಆಡುವಂತಿಲ್ಲ. ಅವಳನ್ನು ದತ್ತು ಕೊಡುವ ತೀರ್ಮಾನವಾದಾಗ ನಾನೇ ಎದ್ದು ನಿಂತು, 'ಅಜ್ಜಿ ನನ್ನ ಬಾಲ್ಯದ ಗೆಳತಿ, ಈ ಮಗುವಿನ ವಿಚಾರದಲ್ಲಿ ನಾನಿರಬಾರದು' ಎಂದು ಸಭೆಯ ಕೋಣೆಯಿಂದ ಹೊರಗೆ ಬಂದಿದ್ದೆ. ಎಲ್ಲರೂ ಮೆಚ್ಚಿದರು. ಅವಳು ಯಾವ ಮನೆ ಸೇರಿದಳು, ಯಾವ ಊರು, ಈಗ ಏನು ಹೆಸರು, ನಿನಗೆ ಗೊತ್ತಿಲ್ಲದಷ್ಟೇ ನನಗೂ ಗೊತ್ತಿರಲಿಲ್ಲ. ಅವಳನ್ನು ಸಾಕುವವರು ಬರೆದ, ಊರು ಹೆಸರು ತೆಗೆದ ಒಂದು ಪತ್ರ ವರ್ಷಕ್ಕೊಮ್ಮೆ ನಮ್ಮ ಕಚೇರಿಯ ಮೂಲಕ ನಿನಗೆ ಬರುತ್ತಿತ್ತಲ್ಲ, ಅದನ್ನು ಕೂಡ ನಾನು ಮುಟ್ಟಿದವಳಲ್ಲ.

ಹೋದ ವಾರ ಲೋರ್ನಾ ನನ್ನ ಕೋಣೆಗೆ ಬಂದಳು. ಮಕ್ಕಳಿಗೆ ಮನೆ ಹೊಂದಿಸುವ ಕೆಲಸ ಅವಳದು. ಸಮುದ್ರದ ಕಡೆಯವಳು, ಒಳ್ಳೆಯವಳು, ನಮ್ಮ ಕಣಿವೆಗಳ ಸುದ್ದಿ ಅವಳಿಗೆ ಗೊತ್ತಿಲ್ಲ. ಮಗುವೊಂದನ್ನು ದತ್ತು ಪಡೆದ ತಾಯಿ ಫೋನಿನಲ್ಲಿ ಏನೋ ಹೇಳಿದಳಂತೆ, ನನ್ನ ಅಭಿಪ್ರಾಯ ಬೇಕಿತ್ತಂತೆ.

'ಏನಿಲ್ಲ ನೆಸ್ಟಾ, ಪೊಂಟ್ವೆನ್ ಸಂತೇಲಿ ಕೇಕ್ ಮಾರೋ ಹೆಂಗಸು ಮಗೂನ ತುಂಬಾ ಹಚ್ಕೊಂಡಿದಾಳಂತೆ. ದುಡ್ಡೇ ತಗೊಳಲ್ವಂತೆ. ಆ ತಾಯಿಗೆ ಖುಷಿನೇ, ಆದ್ರೂ ಯಾಕೋ ಒಂಥರಾ ಅಂದ್ಲು.'

'ಎಂಥ ಕೇಕು?' ಎಂದೆ.

'ಕಾವಲಿ ಮೇಲೆ ಸುಡೋದು. ನಿಂಬೆ ಸಿಪ್ಪೆ ಹಾಕಿರ್ತಾಳಂತೆ.'

ಅದು ನಿನ್ನ ಕೇಕು ಗ್ಲೆನಿಸ್. ನೀನು ಬೆಟ್ಟ ದಾಟಿ ಪೊಂಟ್ವೆನ್ ಸಂತೆಗೆ ಅದನ್ನು ಮಾರಲು ಹೋಗುವುದು ಇಂದು ನಿನ್ನೆಯ ಮಾತೇ? 'ಆ ಮಗುವನ್ನು ಪೊಂಟ್ವೆನ್ ಹತ್ತಿರ ಯಾಕಮ್ಮ ಕೊಟ್ಟಿರಿ?' ಎಂದು ಕೇಳಿದೆ.

'ಮಧ್ಯೆ ಬೆಟ್ಟ ಇದೆಯಲ್ಲ. ಅದು ಬೇರೆ ಕೌನ್ಸಿಲ್ ಅಲ್ವಾ?'

ನೋಡು, ಮೊದಲು ಪ್ರತಿ ಕೌನ್ಸಿಲ್ ತನ್ನ ಮಕ್ಕಳನ್ನು ದೂರದೂರಿಗೆ ಕಳಿಸುತ್ತಿತ್ತು. ಈಗ ಐದೂ ಒಂದೇ ಮನೆ. ಮನೆಯೊಳಗೇ ಜಾಗ ಹುಡುಕಿ ಎನ್ನುತ್ತಾರೆ ಮೇಲಿನವರು. ನಕ್ಷೆಯಲ್ಲಿ ಬೆಟ್ಟ ಕಾಣುತ್ತದೆ, ಅದನ್ನು ದಾಟಿ ಸಂತೆಗೆ ಹೋಗುವ ಬಸ್ಸು ಕಾಣುವುದಿಲ್ಲ. ಆ ಕೋಣೆಯಲ್ಲಿ ಇದನ್ನು ಹೇಳಬಲ್ಲವಳು ನಾನೊಬ್ಬಳೇ, ನಾನು ನಿಯಮ ಪಾಲಿಸುತ್ತಾ ಹೊರಗೆ ಕಾಫಿ ಕುಡಿಯುತ್ತಿದ್ದೆ. ನಗು ಬಂದರೆ ನಕ್ಕುಬಿಡು, ನನಗಂತೂ ಬರುತ್ತಿಲ್ಲ.

ನಿನ್ನೆ ನಾನು ಪೊಂಟ್ವೆನ್‌ಗೆ ಹೋಗಿದ್ದೆ. ಹೂವಿನ ಅಂಗಡಿಯ ಹಿಂದೆ ಕಳ್ಳರ ಹಾಗೆ ನಿಂತಿದ್ದೆ. ತಾಯಿಯ ಜೊತೆ ಆ ಮಗು ಬಂತು. ಯಾರ ಮನೆಯ ಮಗು ಎಂದು ಯಾರೂ ಹೇಳಬೇಕಾಗಿರಲಿಲ್ಲ, ಆರು ವರ್ಷದ ನೀನೇ ನಡೆದು ಬಂದ ಹಾಗಿತ್ತು.

'ಇವತ್ತು ಎರಡು ಕೊಡ್ತೀನಿ' ಎಂದೆ ನೀನು. 'ಒಂದು ನಿಂಗೆ, ಒಂದು ನಿನ್ನ ಜೇಬಿಗೆ.'

'ಜೇಬು ತಿನ್ನಲ್ಲ.'

'ತಿನ್ನುತ್ತೆ ಕಣೇ. ಮನೆ ಮುಟ್ಟಿದ್ಮೇಲೆ ನೋಡು, ಬರೀ ಪುಡಿ ಇರುತ್ತೆ.'

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನೀನು ಹೆಸರು ಕೇಳಿದೆ, ಅವಳು ಹೇಳಿದಳು. ನೀನು ಅದನ್ನು ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡೆ. ನಿನ್ನ ಮುಖ ನೋಡಿದೆ. ಇಷ್ಟನ್ನು ನಿನ್ನಿಂದ ಕಿತ್ತುಕೊಳ್ಳಬೇಕೆ ಎನಿಸಿತು. ನೀನೊಬ್ಬಳೇ ಇದ್ದಿದ್ದರೆ ನಾನು ಸುಮ್ಮನೆ ಬಸ್ಸು ಹತ್ತಿ ಬರುತ್ತಿದ್ದೆನೋ ಏನೋ.

ಆದರೆ ರಸ್ತೆಯಾಚೆ ನಿನ್ನ ಬೂದು ಕಾರಿತ್ತು, ಕಿಟಕಿ ಇಳಿಸಿತ್ತು. ಒಳಗೆ ನಿನ್ನ ಮಗ ಕ್ರೇಗ್ ಕೂತಿದ್ದ. ಸಿಗರೇಟು ಸೇದುತ್ತಿರಲಿಲ್ಲ, ಫೋನು ನೋಡುತ್ತಿರಲಿಲ್ಲ. ಮಗುವನ್ನೇ ನೋಡುತ್ತಿದ್ದ. ಅವಳು ತಾಯಿಯ ಕೈಹಿಡಿದು ಹೊರಟಾಗ ಕಾರು ನಿಧಾನವಾಗಿ ಅವರ ಹಿಂದೆ ಹೊರಟಿತು. ನೀನು ಬಗ್ಗಿ ಕಾವಲಿ ಒರೆಸುತ್ತಿದ್ದೆ.

'ಮೊಣಕಾಲು ನೋವಲ್ವಾ, ಮಗ ಪಾಪ ಕರ್ಕೊಂಡು ಹೋಗ್ತಾನೆ. ಆ ಹೊಡೆದಾಟದ ಕೇಸಲ್ಲಿ ಜೈಲಿಗೆ ಹೋಗಿ ಬಂದ್ಮೇಲೆ ತುಂಬಾ ಮೆತ್ತಗಾಗಿದಾನೆ' ಎನ್ನುತ್ತೀಯ, ಗೊತ್ತು. ನೀನು ಅವನ ತಾಯಿ, ಅನ್ನಲೇಬೇಕು. ಹೆತ್ತ ಅಪ್ಪನೇ ಆದರೂ ಅವನು ಆ ಮಗುವಿನ ಹತ್ತಿರ ಸುಳಿಯಕೂಡದೆಂದು ಕೋರ್ಟು ಹೇಳಿರುವುದು ನಿನಗೂ ಗೊತ್ತು.

ಆಣೆ ಇಟ್ಟು ಕೇಳುತ್ತೇನೆ, ಇನ್ನು ಪೊಂಟ್ವೆನ್‌ಗೆ ಹೋಗಬೇಡ. ಕಾರಿನ ಕೀಲಿ ಅವನ ಕೈಗೆ ಕೊಡಬೇಡ. ಆ ಹೆಸರನ್ನು ಅವನ ಮುಂದೆ ಆಡಬೇಡ. ಕಂಡದ್ದನ್ನು ನಾಳೆ ಬೆಳಿಗ್ಗೆ ನಾನು ಲೋರ್ನಾಗೂ ಪೊಲೀಸರಿಗೂ ಹೇಳಲೇಬೇಕು, ಹೇಳುತ್ತೇನೆ. ಅವನು ಅವರ ಮನೆಯ ಜಾಡು ಹಿಡಿದಿದ್ದರೆ ಆ ಗಂಡ ಹೆಂಡತಿ ಮನೆ, ಕೆಲಸ ಎಲ್ಲ ಬಿಟ್ಟು ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಓಡಬೇಕಾಗುತ್ತದೆ. ಅವಳು ಈಗಷ್ಟೇ ಹೆದರದೆ ಮಲಗುವುದನ್ನು ಕಲಿತಿದ್ದಾಳಂತೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮೊಣಕಾಲಿಗೆ ಬಿಸಿ ಶಾಖ ಕೊಡು. ನನ್ನ ಮೇಲೆ ಸಿಟ್ಟು ಬಂದರೆ ಬಂದು ಬೈದು ಹೋಗು, ಚಹಾ ಮಾಡಿಕೊಡುತ್ತೇನೆ.

ಎಂದಿಗೂ ನಿನ್ನವಳೇ,
ನೆಸ್ಟಾ

ಮತ್ತೆ ಬರೆದದ್ದು: ಸೋಮವಾರ ಸಂಜೆ. ಇದನ್ನು ಅಂಚೆಗೆ ಹಾಕುತ್ತಿಲ್ಲ, ನಾನೇ ನಿನ್ನ ಬಾಗಿಲಿಂದ ಒಳಗೆ ತೂರಿಸಿ ಹೋಗುತ್ತೇನೆ. ಬೆಳಿಗ್ಗೆ ಹೇಳಬೇಕಾದವರಿಗೆಲ್ಲ ಹೇಳಿದೆ. ಅವರು ಏರ್ಪಾಡು ಮಾಡುವಷ್ಟರಲ್ಲಿ, ಶಾಲೆ ಬಿಡುವ ಹೊತ್ತಿಗೆ ಬೇಲಿಯಾಚೆಯಿಂದ ಒಬ್ಬ ಗಂಡಸು ಅವಳನ್ನು ಹೊಸ ಹೆಸರು ಹಿಡಿದು ಕರೆದನಂತೆ. ಅವನ ಕೈಯಲ್ಲಿ ಕೇಕಿತ್ತು, ಅದಕ್ಕೇ ಅವಳು ಹೋದಳು. ಟೀಚರ್ ಓಡಿ ಬರುವಷ್ಟರಲ್ಲಿ ಅವನು ಅವಳ ತೋಳು ಹಿಡಿದಿದ್ದ. ಬಿಡಿಸಿಕೊಂಡಿದ್ದಾರೆ, ಅವಳು ಕ್ಷೇಮವಾಗಿದ್ದಾಳೆ. ಅವನು ಓಡಿದ್ದಾನೆ. ಮುಖ ಸರಿಯಾಗಿ ಕಂಡವರಿಲ್ಲ.

ಪೊಲೀಸರು ಇನ್ನೇನು ನಿನ್ನ ಮನೆಗೆ ಬರುತ್ತಾರೆ, ಕ್ರೇಗ್ ಎಲ್ಲಿದ್ದ ಎಂದು ಕೇಳುತ್ತಾರೆ. ಅವಳು ಕೂಸಾಗಿದ್ದಾಗ ಕೈ ಮುರಿದ ದಿನವೂ ಇದನ್ನೇ ಕೇಳಿದ್ದರು. 'ನನ್ ಮಗ ಬೆಳಗಿಂದ ನನ್ನ ಅಡುಗೆಮನೇಲೇ ಕೂತಿದ್ದ' ಎಂದೆ ನೀನು. ನಿನ್ನ ಮಾತಿಗೆ ಬೆಲೆಯಿತ್ತು, ಎಲ್ಲರೂ ನಂಬಿದರು. ತಪ್ಪೆಲ್ಲ ಆ ಮಗುವನ್ನು ಹೆತ್ತ ಹುಡುಗಿಯ ತಲೆಗೆ ಬಂತು, ಅವಳು ಮಗುವನ್ನು ಕಳೆದುಕೊಂಡಳು. ಅದು ನಿಜವೋ ಸುಳ್ಳೋ ಎಂದು ನಾನು ಇಷ್ಟು ವರ್ಷ ನಿನ್ನನ್ನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಈ ಸಲ ಅವನು ಮನೆಯಲ್ಲೇ ಇದ್ದ ಅನ್ನಬೇಡ ಗ್ಲೆನಿಸ್.