ಜೋಳದ ಹೊಲಕ್ಕೆ ಕಟ್ಟಿದ ಹಾಡು

ನಾರಾಯಣಪೇಟೆ,
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಮಲ್ಲೇಶನಿಗೆ ಅಕ್ಕ ಬಸವೇಶ್ವರಿಯ ಆಶೀರ್ವಾದ.

ಮೊದಲು ನಿನ್ನ ಮೊಣಕಾಲು ಹೇಗಿದೆ, ಅದನ್ನು ತಿಳಿಸು. ನಾಗಪುರದ ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದಿದ್ದರೆ ಹತ್ತಬೇಡ. ರೈಲ್ವೆ ಆಫೀಸಿನಲ್ಲಿ ಮೂವತ್ತೆರಡು ವರ್ಷ ಹತ್ತಿ ಇಳಿದದ್ದು ಸಾಲದೆ? ಸಕ್ಕರೆ ಕಾಯಿಲೆ ನನಗೂ ಇದೆ, ಆದರೆ ಅದು ನನ್ನ ಮಾತು ಕೇಳುತ್ತದೆ. ಬೆಳಿಗ್ಗೆ ಎರಡು ಜೋಳದ ರೊಟ್ಟಿ, ಸಂಜೆ ಒಂದು. ಇನ್ನೊಂದಕ್ಕೆ ಕೈ ಹೋದರೆ ನನ್ನ ಕೈಗೆ ನಾನೇ ಹೊಡೆದುಕೊಳ್ಳುತ್ತೇನೆ. ಹೆಗಲ ಮೇಲೆ ಗಂಟು ಹೊತ್ತು ಊರೂರು ಸೀರೆ ಮಾರಿದವಳಿಗೆ ಈಗ ಹನ್ನೊಂದು ಮಗ್ಗ ನೇಯ್ದು ಕೊಡುತ್ತವೆ, ಗಾಜಿನ ಬಾಗಿಲಿನ ಅಂಗಡಿ ಇದೆ, ಅದರ ಬಗ್ಗೆ ನಿನಗೆ ಚಿಂತೆ ಬೇಡ. ಫೋನು ಇರುವಾಗ ಕಾಗದ ಏಕೆ ಎಂದು ಕೇಳುತ್ತೀ. ಫೋನಿನಲ್ಲಿ ಅಪ್ಪನ ಹೆಸರು ಬಂದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ. ಹರಿದು ಹಾಕುವುದಾದರೂ ಮೊದಲು ಪೂರ್ತಿ ಓದಿಯೇ ಹರಿಯುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು.

ಸುದ್ದಿ ಏನೆಂದರೆ, ನನಗೆ ಒಂದೂ ತಿಳಿಯದಂತಾಗಿದೆ. ದೀಪಾವಳಿ ಮುಗಿದ ವಾರ ಅಂಗಡಿಗೆ ಮೂವರು ಬಂದರು. ಮೂವರಿಗೂ ಕರಿ ಅಂಗಿ, ಎದೆಯ ಮೇಲೆ ರೈಲಿನ ಚಿತ್ರ, ಮೂವರಿಗೂ ಹೊಟ್ಟೆ. ಮಗಳ ಮದುವೆಗೆ ಸೀರೆ ನೋಡಲು ಬಂದವರೆಂದು ತಿಳಿದು ಆರು ಸೀರೆ ಬಿಚ್ಚಿ ಹಾಸಿದೆ, ಚೌಕಳಿ ಅಂಚಿನದು ಏಳನೆಯದನ್ನು ಬಿಚ್ಚುವಷ್ಟರಲ್ಲಿ ಅವರಲ್ಲಿ ಹಿರಿಯ, ಉದಯಕುಮಾರ ಎಂದು ಹೆಸರು, ಹೈದರಾಬಾದಿನಲ್ಲಿ ಬ್ಯಾಂಕ್ ಮ್ಯಾನೇಜರನಂತೆ, "ಅಮ್ಮಾ, ಚೀರಲ ಕೋಸಂ ರಾಲೇದು" ಎಂದ. ಸೀರೆಗೆ ಬಂದಿಲ್ಲವಾದರೆ ಮತ್ತೇನಕ್ಕೆ ಬಂದಿರಿ ಎಂದರೆ, ಬಗ್ಗಿ ನನ್ನ ಕಾಲು ಮುಟ್ಟಿ, "ನೀವು ಲೇಟ್ ಪ್ಯಾಸೆಂಜರ್ ಮಲ್ಲೇಶ್ ಸಾರ್ ಅಕ್ಕನಾ?" ಎಂದು ಕೇಳಿದ. ನಿಮ್ಮ ಬ್ಯಾಂಡಿನ ಹೆಸರನ್ನು ನಾನು ಮೂವತ್ತೈದು ವರ್ಷದಿಂದ ಕೇಳಿರಲಿಲ್ಲ. ಯಾರೋ ತಡವಾಗಿ ಬಂದ ಪ್ರಯಾಣಿಕರನ್ನು ಹುಡುಕುತ್ತಿದ್ದಾರೆ ಅಂತ ಒಂದು ಗಳಿಗೆ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಿದ್ದೆ.

ಕುಳ್ಳಿರಿಸಿ ಚಹಾ ಕೊಟ್ಟ ಮೇಲೆ ಒಂದೊಂದೇ ಎಳೆ ಬಿಚ್ಚಿಕೊಂಡಿತು. ನಿಮ್ಮಲ್ಲಿ ಡ್ರಮ್ ಬಾರಿಸುತ್ತಿದ್ದ ಉದ್ದ ಕೂದಲಿನವನಿದ್ದನಲ್ಲ, ಈಗ ಪೂರಾ ಬೋಳಂತೆ. ನಿಮ್ಮ ಐವರಲ್ಲಿ ಮೂವರು ಇನ್ನೂ ವರ್ಷಕ್ಕೊಮ್ಮೆ ಸಿಕಂದರಾಬಾದಿನಲ್ಲಿ ಬಾರಿಸುತ್ತಾರಂತೆ. ಆ ಡ್ರಮ್ಮಿನವನು ಮೊಬೈಲಿನಲ್ಲಿ ಬರುವ ಒಂದು ಸಂದರ್ಶನದಲ್ಲಿ, ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಮಕ್ತಲದ ಒಂದು ಶೇಂಗಾ ಗೋದಾಮಿನಲ್ಲಿ ಹನ್ನೊಂದು ದಿನ ಕೂತು ಹನ್ನೆರಡು ಕ್ಯಾಸೆಟ್ ತುಂಬಿಸಿದೆವು, ಅದರಲ್ಲಿದ್ದ ಹಾಡು ಯಾರೂ ಕೇಳಿಲ್ಲ ಎಂದುಬಿಟ್ಟಿದ್ದಾನೆ. ಅವತ್ತಿನಿಂದ ಇವರಿಗೆ ಊಟ ರುಚಿಸುವುದಿಲ್ಲವಂತೆ. ನಾಲ್ಕು ಸಾವಿರ ಜನರ ಗುಂಪು ಇದೆಯಂತೆ, ಆ ಕ್ಯಾಸೆಟ್ಟುಗಳಿಗೆ "ಮಕ್ತಲ್ ಟೇಪ್ಸ್" ಎಂದು ಹೆಸರೂ ಇಟ್ಟಿದ್ದಾರೆ. ಕೇಳದೇ ಇರುವ ಹಾಡಿನಲ್ಲಿ ಯಾವುದು ಚೆನ್ನಾಗಿದೆ ಎಂದು ಅವರಲ್ಲಿ ಎರಡು ಪಕ್ಷ ಬೇರೆ. ಹನ್ನೊಂದು ದಿನ ನಿಮ್ಮ ಐವರಿಗೆ ಹೊತ್ತಿಗೆ ಇಪ್ಪತ್ತೆರಡರಂತೆ ರೊಟ್ಟಿ ಬಡಿದವಳು ನಾನು. ನನಗಿಂತ ಆ ಹಾಡು ಹೆಚ್ಚು ಕೇಳಿದವರು ಯಾರಿದ್ದಾರೆ? ನನಗೆ ಒಂದು ಸಾಲೂ ನೆನಪಿಲ್ಲ. ಗೋದಾಮಿನ ತಗಡು ನಡುಗುತ್ತಿದ್ದದ್ದು ನೆನಪಿದೆ.

ನಾನು ಉದಯಕುಮಾರನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಆ ಹಾಡು ಇಲ್ಲಪ್ಪ, ಅದನ್ನು ಗಿಳಿಗಳು ಕೇಳಿಬಿಟ್ಟಿವೆ. ಅವನಿಗೆ ತಿಳಿಯಲಿಲ್ಲ. ಪಟ್ಟಣದವನು, ಬಿಡಿಸಿ ಹೇಳಬೇಕಾಯಿತು. ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಗಿಳಿ ಬೀಳುತ್ತವೆ, ಆಗ ಕ್ಯಾಸೆಟ್ಟಿನೊಳಗಿನ ಟೇಪನ್ನು ಎಳೆದು ಹೊಲದ ಸುತ್ತ ಕೋಲಿಂದ ಕೋಲಿಗೆ ಬಿಗಿಯಾಗಿ ಕಟ್ಟುತ್ತಾರೆ, ಬಿಸಿಲಿಗೆ ಮಿಂಚಿ ಗಾಳಿಗೆ ಗುಂಯ್ ಅನ್ನುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ತೊಂಬತ್ತರ ಸಂಕ್ರಾಂತಿಗೆ ನಮ್ಮಪ್ಪ ಶರಣಯ್ಯನವರು, ತಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದ ಕ್ಯಾಸೆಟ್ಟುಗಳನ್ನು ನಮ್ಮ ನಾಲ್ಕು ಎಕರೆಗೆ ಹಾಗೆ ಕಟ್ಟಿದರು ಎಂದೆ. ಹಿಂದಿನ ಬೇಸಿಗೆಯಲ್ಲೇ ಎಲ್ಲರೆದುರು, "ಲೇ ಮಲ್ಯಾ, ಇವನ್ನ ಹೊಲಕ್ಕರ ಕಟ್ಟತೀನಿ ನೋಡು, ಗಿಣಿಗೋಳಾದ್ರೂ ಓಡತಾವ!" ಎಂದು ಕೂಗಿದ್ದರಲ್ಲ, ಕೂಗಿದ್ದನ್ನು ಮಾಡಿದರು ಎಂದೆ. ಆ ಮನುಷ್ಯ ನನ್ನ ಸೀರೆ ರಾಶಿಯ ಮೇಲೆ ಕೂತೇಬಿಟ್ಟ. ಕಣ್ಣಲ್ಲಿ ನೀರು. ನಿನ್ನ ಕೈಗೆ ಗಿಟಾರು ಮತ್ತೆ ಬರಲಿಲ್ಲ, ಅಪ್ಪ ತೀರಿಕೊಂಡಾಗ ಬಂದು ಮೂರು ಹಿಡಿ ಮಣ್ಣು ಹಾಕಿ ಅದೇ ಸಂಜೆಯ ಬಸ್ಸು ಹಿಡಿದೆ, ಅದನ್ನೆಲ್ಲ ನಾನು ಅವನಿಗೆ ಹೇಳಲಿಲ್ಲ. ಹೊಲದ ಸುದ್ದಿ ಅವತ್ತು ನಿನಗೆ ಹೇಗೆ ಮುಟ್ಟಿತೆಂದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಈಗ ಎತ್ತುವುದಿಲ್ಲ.

ಹಾಡು ಹೋಯಿತೆಂದರೆ ಇವರು ಮನೆಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಲೆಕ್ಕ ತಪ್ಪಿತು. ಮುಂದಿನ ಭಾನುವಾರ ಮೂವರ ಬದಲು ಇಪ್ಪತ್ತಾರು ಜನ ಬಂದರು, ಹೊಲ ನೋಡಬೇಕಂತೆ! ಮಕ್ತಲಕ್ಕೆ ಕರೆದುಕೊಂಡು ಹೋದೆ. ಬದುವಿನ ಮೇಲೆ ಸಾಲಾಗಿ ನಿಂತು ಫೋಟೋ ಹಿಡಿದರು. ಒಬ್ಬಾಕೆ ಚಪ್ಪಲಿ ಬಿಟ್ಟು ನಿಂತಳು. ಒಬ್ಬ ಜಾಲಿ ಗಿಡದ ಮುಳ್ಳಿನಲ್ಲಿ ಟೇಪಿನ ಚೂರು ಸಿಕ್ಕೀತೇನೋ ಎಂದು ತಡಕಾಡಿ ಅಂಗಿ ಹರಿದುಕೊಂಡ, ಹರಿದದ್ದಕ್ಕೂ ಸಂತೋಷಪಟ್ಟ. ಹೊಲವನ್ನು ಪಾಲಿಗೆ ಮಾಡುವ ಪೋಚಮ್ಮ ನನ್ನನ್ನು ಬದಿಗೆ ಕರೆದು, "ಯಕ್ಕಾ, ಸತ್ತೋರ್ಯಾರು? ಎಲ್ಲಾರೂ ಕರೇದು ಹಾಕ್ಕೊಂಡು ನಗಾಕ ಹತ್ಯಾರಲ್ಲ!" ಎಂದು ಕೇಳಿದಳು. ಮದುವೆಯೋ ಮಣ್ಣೋ ತಿಳಿಯದ ಜನ.

ಹೊಲ ಮುಗಿದ ಮೇಲೆ ಅಪ್ಪನ ಗೋದಾಮು ನೋಡಬೇಕು ಎಂದರು. ಬೀಗ ತೆಗೆದೆ. ಅವರು ಗೋಡೆ ಸವರಿ, ಚಪ್ಪಾಳೆ ತಟ್ಟಿ ದನಿ ಹೇಗೆ ತಿರುಗುತ್ತದೆ ಎಂದು ಪರೀಕ್ಷೆ ಮಾಡುತ್ತಿರುವಾಗ, ಎಷ್ಟು ಖಾಲಿ ಚೀಲ ಉಳಿದಿವೆ ನೋಡೋಣವೆಂದು ನಾನು ಅಟ್ಟ ಹತ್ತಿದೆ. ಅಲ್ಲಿ ಅಪ್ಪ ಬೀಜದ ಜೋಳ ಇಡುತ್ತಿದ್ದ ದೊಡ್ಡ ತಗಡಿನ ಡಬ್ಬಿ. ಅಲ್ಲಾಡಿಸಿದರೆ ಜೋಳದ ಸಪ್ಪಳವಲ್ಲ. ತೆಗೆದೆ. ಮೇಲೆ ಬೂದಿ, ಪುಡಿಯಾದ ಬೇವಿನೆಲೆ, ಅದರ ಕೆಳಗೆ ಅಪ್ಪನ ಧೋತರದ ತುಂಡಿನಲ್ಲಿ ಸುತ್ತಿ ಕ್ಯಾಸೆಟ್ಟು. ನಿನ್ನ ಕೈಬರಹ, ಕೆಂಪು ಮಸಿ, ಒಂದರಿಂದ ಹನ್ನೆರಡು. ಮೂರು ಸಲ ಎಣಿಸಿದೆ, ಮಲ್ಲೇಶ. ಮೂರು ಸಲವೂ ಹನ್ನೆರಡೇ.

ಈಗ ನೀನೇ ಹೇಳು. ಹೊಲದ ಸುತ್ತ ಟೇಪು ಮಿಂಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವತ್ತು ಸಿಟ್ಟಿನಿಂದ ಅಪ್ಪನನ್ನು ಕೇಳಿದರೆ, "ಗಿಣಿ ಬಂದಾವಬೇ, ಏನರ ಕಟ್ಟಬೇಕಲ್ಲ" ಎಂದಷ್ಟೇ ಹೇಳಿ ಎದ್ದು ಹೋದರು. ಆಮೇಲೆ ಮನೆಯಲ್ಲಿ ಟೇಪ್ ರೆಕಾರ್ಡರೇ ಹಾಡಲಿಲ್ಲ. ದಿನಾ ಸಂಜೆ, ತಾವೇ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ ಮಠದ ಸ್ವಾಮಿಗಳ ಶ್ರಾವಣದ ಪುರಾಣ ಹಚ್ಚಿಕೊಂಡು ಕೂಡುತ್ತಿದ್ದ ಮನುಷ್ಯ, ಅದರ ಮೇಲೆ ಟವೆಲು ಹೊದಿಸಿಬಿಟ್ಟರು. ನಿನ್ನ ಮೇಲಿನ ಸಿಟ್ಟು ಯಂತ್ರದ ಮೇಲೆ ತೀರಿಸಿಕೊಂಡರು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಹನ್ನೆರಡು ಹೊಲಕ್ಕೆ ಹೋದ ಮೇಲೆ ಹನ್ನೆರಡು ಅಟ್ಟದಲ್ಲಿ ಹೇಗೆ ಉಳಿಯುತ್ತವೆ? ಸೀರೆಯಲ್ಲಿ ಒಂದು ಎಳೆ ಹೆಚ್ಚಾದರೆ ಬೆರಳಿಗೆ ತಿಳಿಯುವ ನನಗೆ ಇದು ತಿಳಿಯಲಿಲ್ಲ.

ಕೆಳಗಿದ್ದ ಇಪ್ಪತ್ತಾರು ಜನರ ಮುಂದೆ ತುಟಿ ಬಿಚ್ಚಲಿಲ್ಲ. ಡಬ್ಬಿಯನ್ನು ಸೀರೆಯ ಚೀಲಕ್ಕೆ ಸೇರಿಸಿ ತಂದೆ. ಮಾರನೆಯ ದಿನ ಏಳನೆಯ ನಂಬರಿನದೊಂದನ್ನೇ ತೆಗೆದುಕೊಂಡು ಬಸ್ಸು ಹತ್ತಿ ಗದ್ವಾಲಿಗೆ ಹೋದೆ. ಹೊಲದಲ್ಲಿ ಚಪ್ಪಲಿ ಬಿಟ್ಟು ನಿಂತಳೆಂದೆನಲ್ಲ, ಆಕೆ ಝಾನ್ಸಿ, ಅಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಮನೆಯಲ್ಲಿ ಹಳೆಯ ಟೇಪ್ ರೆಕಾರ್ಡರನ್ನು ಚೆನ್ನಾಗಿಟ್ಟಿದ್ದಾಳೆ. ಬಾಯಿ ಬಿಗಿ ಹಿಡಿಯುತ್ತೇನೆಂದು ದೇವರ ಮುಂದೆ ಆಣೆ ಮಾಡಿಸಿಕೊಂಡೇ ಕ್ಯಾಸೆಟ್ಟು ಕೊಟ್ಟೆ. ಅವಸರಕ್ಕೆ ಎರಡು ಸಲ ತಿರುವುಮುರುವು ಹಾಕಿದಳು. ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲು ಮುರಿದದ್ದು ನೋಡಿ, "ಯಾರೋ ಬೇಕಂತ್ಲೇ ಮುರ್ದಾರ್ರೀ ಅಮ್ಮ, ಇದರ ಮ್ಯಾಲೆ ಬ್ಯಾರೇದು ರೆಕಾರ್ಡ್ ಆಗಬಾರ್ದು ಅಂತ" ಎಂದಳು. ನೀನು ಮುರಿಯುವವನಲ್ಲ, ನಿನಗೆ ಅಷ್ಟು ಜೋಪಾನ ಎಲ್ಲಿತ್ತು? ಪುರಾಣದ ಕ್ಯಾಸೆಟ್ಟಿಗೆ ಅಡಕೊತ್ತಿನ ತುದಿಯಿಂದ ಹಾಗೆ ಹಲ್ಲು ಮೀಟುತ್ತಿದ್ದವರು ನಮ್ಮ ಮನೆಯಲ್ಲಿ ಒಬ್ಬರೇ.

ಹಾಡು ಬಂತು. ಸುಳ್ಳು ಹೇಳುವುದಿಲ್ಲ, ನನಗೆ ಹನ್ನೊಂದು ಮಗ್ಗ ಒಟ್ಟಿಗೆ ದಾರ ಕಡಿದುಕೊಂಡಂತೆ ಕೇಳಿಸಿತು. ಝಾನ್ಸಿ ಮಾತ್ರ ಕಣ್ಣು ಮುಚ್ಚಿ ತೂಗುತ್ತಿದ್ದಳು. ಕೊನೆಗೆ ಗಿಟಾರು ನಿಂತು, ಬಾಗಿಲು ಕಿರ್ರೆಂದು, ಅಪ್ಪನ ದನಿ: "ಸಾಕು ಬರ್ರೋ ಇನ್ನ. ಬಸ್ಸಿ ರೊಟ್ಟಿ ಮಾಡಿ ಎಷ್ಟೊತ್ತಾತು, ಆರಾಕ ಹತ್ಯಾವ. ಮಲ್ಯಾ, ಆ ಕಡೀದು ಇನ್ನೊಮ್ಮೆ ಬಾರಿಸಿ ಬಾ. ಅದು ಚೊಲೋ ಇತ್ತು." ಝಾನ್ಸಿ ಯಾರಿವರು ಎಂದು ಕೇಳಿದಳು. ನಮ್ಮಪ್ಪ ಎಂದೆ. ಚೊಲೋ ಇತ್ತು ಎಂದದ್ದು ನಿನಗೆ ನೆನಪಿದೆಯೇ? ನನಗಿರಲಿಲ್ಲ.

ಇನ್ನು ನೀನು ಹೇಳಬೇಕಾದದ್ದು. ಅದೇ ಸಂದರ್ಶನದಲ್ಲಿ ಡ್ರಮ್ಮಿನವನ ಮಾತು, ಹಾಡು ಮಲ್ಲೇಶನವು, ಅವನು ಹೂಂ ಎನ್ನದೆ ಕ್ಯಾಸೆಟ್ಟು ಸಿಕ್ಕರೂ ಹೊರಗೆ ತರುವುದಿಲ್ಲ ಎಂದು. ಅದು ನ್ಯಾಯ. ಹನ್ನೆರಡೂ ನನ್ನ ಕಪಾಟಿನಲ್ಲಿ ಇವೆ, ಕೀಲಿ ನನ್ನ ಸೊಂಟದಲ್ಲಿದೆ. ಹೂಂ ಅನ್ನುತ್ತೀಯೋ ಊಹೂಂ ಅನ್ನುತ್ತೀಯೋ, ಬರೆದು ತಿಳಿಸು. ನಿನ್ನ ಮನೆಯಾಕೆಗೆ ನನ್ನ ಆಶೀರ್ವಾದ. ನೀಲಿ ಚೌಕಳಿಯದೊಂದು ಆಕೆಗೆಂದು ತೆಗೆದಿಟ್ಟಿದ್ದೇನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಬಸವಣ್ಣ ನಿಮ್ಮಿಬ್ಬರನ್ನೂ ತಣ್ಣಗಿಡಲಿ.

ನಿನ್ನ ಅಕ್ಕ,
ಬಸವೇಶ್ವರಿ

ಮರೆತದ್ದು: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಈ ದಿನ ಮಧ್ಯಾಹ್ನ ಮನಸ್ಸು ತಡೆಯದೆ ಮಕ್ತಲದ ಹಳೆಯ ಮನೆಗೆ ಹೋಗಿ ಅಪ್ಪನ ಟೇಪ್ ರೆಕಾರ್ಡರಿನ ಟವೆಲು ತೆಗೆದೆ. ಹಿಂದೆ ಅವರ ಪುರಾಣದ ಪೆಟ್ಟಿಗೆ. ಶ್ರಾವಣ ಮೊದಲ ದಿನ, ಎರಡನೆಯ ದಿನ ಎಂದು ಅವರೇ ಬರೆದ ಹತ್ತೊಂಬತ್ತು ಕ್ಯಾಸೆಟ್ಟಿನ ಕವರು. ಹತ್ತೊಂಬತ್ತೂ ಖಾಲಿ. ಆ ವರ್ಷ ಎಲ್ಲರ ಹೊಲಕ್ಕೂ ಗಿಳಿ ಬಿದ್ದು ಮಕ್ತಲದಲ್ಲಿ ಹಾಳು ಟೇಪು ಸಿಗುತ್ತಿರಲಿಲ್ಲ. ಸ್ವಾಮಿಗಳು ತೀರಿಕೊಂಡಿದ್ದರು, ಮತ್ತೆ ತುಂಬಿಸಿಕೊಳ್ಳಲು ಬರುತ್ತಿರಲಿಲ್ಲ. ಹೊಲಕ್ಕೆ ಕಟ್ಟಿದ್ದು ಅವು. ಜೀವನದಲ್ಲಿ, ಹೊಲದ ಸುತ್ತ ಟೇಪು ಕಂಡ ಆ ಒಂದೇ ದಿನ ನಾನು ಏನನ್ನೂ ಎಣಿಸದೆ, ಮನೆಗೆ ಓಡಿ ಬಂದು ನಿನಗೆ ಕಾಗದ ಬರೆದೆ: ನಿನ್ನ ಹಾಡನ್ನು ಅಪ್ಪ ಗಿಳಿಗೆ ಕಟ್ಟಿದ. ಬರೆದದ್ದನ್ನು ಅಪ್ಪನಿಗೆ ಎಂದೂ ಹೇಳಲಿಲ್ಲ. ತೀರಿಕೊಳ್ಳುವವರೆಗೆ ಹದಿನೇಳು ವರ್ಷ, ಪ್ರತಿ ಸಂಕ್ರಾಂತಿಗೂ ಅವರು "ಮಲ್ಯಾ ಯಾಕ ಬರಂಗಿಲ್ಲಬೇ?" ಎಂದು ಕೇಳಿದರು. ಪ್ರತಿ ಸಲವೂ ನಾನು "ಕೆಲಸ ಐತಂತ" ಎಂದೆ. ಹಾಡಿನ ವಿಷಯ ಆಮೇಲೆ ನೋಡೋಣ. ಈ ಸಂಕ್ರಾಂತಿಗೆ ಬಾ, ನನ್ನನ್ನು ಬೈಯುವುದಕ್ಕಾದರೂ ಬಾ. ಏಳನೆಯ ಕ್ಯಾಸೆಟ್ಟನ್ನು ಕೊನೆಯ ಹತ್ತಿರಕ್ಕೆ ಸುತ್ತಿ, ಅಪ್ಪ ಕರೆಯುವ ಜಾಗಕ್ಕೆ ತಂದು ನಿಲ್ಲಿಸಿಟ್ಟಿದ್ದೇನೆ.