ಹಾಡದ ಪೆಟ್ಟಿಗೆಗೆ ರೇಡಿಯೋ ಲೈಸನ್ಸು

ರೇಡಿಯೋ ಪರವಾನಗಿ ಕಚೇರಿಯ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ತಾವು ಬಂಟ್ವಾಳ ಪೇಟೆಯಿಂದ ಜೀಪಿನಲ್ಲಿ ಹೊತ್ತೊಯ್ದದ್ದು ಕಳ್ಳ ರೇಡಿಯೋ ಅಲ್ಲ, ಲೆಕ್ಕ ಮಾಡುವ ಯಂತ್ರ. ಇದನ್ನು ಮೂರು ಅರ್ಜಿಗಳಲ್ಲಿ ಬರೆದೆ. ತಮ್ಮಲ್ಲಿ ಅರ್ಜಿ ಓದುವವರ ಹುದ್ದೆ ಖಾಲಿಯಿರಬೇಕೆಂದುಕೊಂಡು ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನ ಗಣಿತದ ಮಾಸ್ತರ. ರೇಡಿಯೋ ರಿಪೇರಿಯ ಅಬ್ದುಲ್ ಶುಕೂರ್ ನನ್ನ ಹಳೆಯ ವಿದ್ಯಾರ್ಥಿ. ಗುಜರಿಗೆ ಬಿದ್ದ, ಕರೆಂಟಿಗೆ ತಾವೇ ಟಕ್ಕೆಂದು ತೆರೆದು ಮುಚ್ಚುವ ಟೆಲಿಫೋನ್ ರಿಲೇಗಳನ್ನೂ ಟಾರ್ಚಿನ ಬಲ್ಬುಗಳನ್ನೂ ಕೂಡಿಸಿ ನಾವಿಬ್ಬರು ಎರಡು ವರ್ಷದಲ್ಲಿ ಈ ಪುಟ್ಟ ಕಂಪ್ಯೂಟರ್ ಕಟ್ಟಿದೆವು. ದೊಡ್ಡ ಸಂಸ್ಥೆಗಳು ಇದಕ್ಕೆ ಲಕ್ಷಗಟ್ಟಲೆ ಸುರಿಯುತ್ತವಂತೆ. ನಮ್ಮದು ಒಂದು ಕರೆಯುವ ಎಮ್ಮೆಯ ಬೆಲೆಗೆ ಮುಗಿಯಿತು. ಹೊಳೆಯ ಮೇಲ್ಭಾಗದ ಚಾರ್ಮಾಡಿಯಲ್ಲೂ ಬೆಳ್ತಂಗಡಿಯಲ್ಲೂ ಬಿದ್ದ ಮಳೆಯ ಅಳತೆಯನ್ನು ಬಸ್ಸಿನ ಕಂಡಕ್ಟರು ಚೀಟಿಯಲ್ಲಿ ತರುತ್ತಾರೆ. ನೇತ್ರಾವತಿ ನಮ್ಮ ಪೇಟೆಯಲ್ಲಿ ಎಷ್ಟು ಏರುತ್ತದೆಂದು ಯಂತ್ರ ಇಪ್ಪತ್ತು ನಿಮಿಷದಲ್ಲಿ ಹೇಳುತ್ತದೆ. ಕೈಯಲ್ಲಿ ಮಾಡಿದರೆ ನನಗೆ ಆರು ಗಂಟೆ ಬೇಕು. ಅಲ್ಲಿಂದ ಇಲ್ಲಿಗೆ ಬರಲು ನೀರಿಗೆ ಐದು ಸಾಕು.

ತಮ್ಮ ತಪಾಸಣೆಯನ್ನು ಕಣ್ಣಾರೆ ಕಂಡೆ. ತಾವು ಪೆಟ್ಟಿಗೆಗೆ ಕಿವಿಯಿಟ್ಟು, ರಿಲೇಗಳ ಟಕಟಕ ಕೇಳಿ, ಇದು ಯಾವ ದೇಶದ ಸ್ಟೇಷನ್ ಎಂದಿರಿ. ಶುಕೂರ್ ವಿನಯದಿಂದಲೇ ಹೇಳಿದ: "ಸ್ಟೇಷನ್ ಇಲ್ಲ ಸರ್. ಇದ್ರಲ್ಲಿ ಕೂಡುವುದು, ಕಳೆಯುವುದು ಮಾತ್ರ ಉಂಟು." ಹಾಡದ ರೇಡಿಯೋ ಗೂಢಚಾರರದ್ದೇ ಎಂದು ತಾವು ತೀರ್ಮಾನಿಸಿದಿರಿ. ಅವನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡಿರಿ; ನನ್ನದನ್ನು ಕೇಳಲೇ ಇಲ್ಲ. ಯಂತ್ರ ನನ್ನದೂ ಅಲ್ಲವೇ? ನನಗೆ ಇಂದಿಗೂ ಅದರ ನಾಚಿಕೆ ಹೋಗಿಲ್ಲ.

ಆಮೇಲೆ ಅರ್ಜಿ ಓದದೆಯೇ ಕಳಿಸಿದ ತಮ್ಮ ಉತ್ತರವೋ, ಚೌಕಟ್ಟು ಹಾಕಿಸಿ ಇಡುವಂಥದ್ದು. ಲೈಸನ್ಸು ಮಾಡಿಸಿದರೆ ಯಂತ್ರ ಕೊಡುತ್ತೀರಿ. ಲೈಸನ್ಸಿಗೆ ಅದು ರೇಡಿಯೋ ಆಗಿರಬೇಕು. ರೇಡಿಯೋ ಎನ್ನಿಸಿಕೊಳ್ಳಲು ಅದು ಹಾಡಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.

ಹೊಳೆಬದಿಯಲ್ಲಿ ಬೀಡಿ ಕಟ್ಟುವ ಪೂವಮ್ಮನ ಮನೆಯಿದೆ. ಅವಳ ತಾಯಿ ಸೇಸಮ್ಮ ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಹಿಂದಿನ ಮಳೆಗಾಲದಲ್ಲಿ ನೆರೆಯ ಸುದ್ದಿ ತಡವಾಗಿ ಬಂದು, ಎದೆಮಟ್ಟದ ನೀರಿನಲ್ಲಿ ಮುದುಕಿಯನ್ನು ಮಂಚ ಸಮೇತ ಹೊರಬೇಕಾಯಿತು. ಮೊನ್ನೆ ಪೂವಮ್ಮ ದಾರಿಯಲ್ಲಿ ಸಿಕ್ಕಿ ಕೇಳಿದಳು: "ಮಾಷ್ಟ್ರೇ, ಈ ಸಲ ಅಮ್ಮನನ್ನು ಯಾವಾಗ ಎತ್ತುವುದೆಂದು ನೀವು ಮೊದಲೇ ಹೇಳ್ತೀರಲ್ಲ?" ನಾನು ಕೊಡೆ ಬಿಡಿಸಿಕೊಂಡು ನಡೆದುಬಿಟ್ಟೆ.

ಮುಂದಿನ ತಿಂಗಳು, ಆಟಿಯ ಜಡಿಮಳೆಗೆ ನೆರೆ ಬರುವ ಮೊದಲು ಯಂತ್ರವನ್ನು ಹಿಂದಿರುಗಿಸಿ. ಶುಕೂರನಲ್ಲಿ ಕ್ಷಮೆ ಕೇಳಿ. ಆಗದಿದ್ದರೆ ಸಮೀಕರಣಗಳನ್ನು ಲಗತ್ತಿಸಿದ್ದೇನೆ. ಕಂಡಕ್ಟರು ತರುವ ಮಳೆಯ ಚೀಟಿಗಳನ್ನು ಇನ್ನು ತಮ್ಮ ಕಚೇರಿಗೇ ಕಳಿಸುತ್ತೇನೆ. ಲೆಕ್ಕವನ್ನು ತಾವೇ ಮಾಡಿ, ಉತ್ತರವನ್ನು ಪೂವಮ್ಮನಿಗೆ ತಾವೇ ಹೇಳಿ. ತಡವಾದರೆ ಸೇಸಮ್ಮನನ್ನು ಹೊರಲು ನಾಲ್ಕು ಹೆಗಲು ಬೇಕು. ಒಂದು ತಮ್ಮದಿರಲಿ.

ಇಂತಿ,
ಮತ್ತೆ ಕೈಲೆಕ್ಕಕ್ಕೆ ಕುಳಿತ
ಗಣಿತದ ಮಾಸ್ತರ
ಬಂಟ್ವಾಳ, ಜೂನ್ ೧೯೬೬